ಪಾಲು ತಪ್ಪಿದ ಎಳೆ

ಕೊಟ್ಟೂರಿನ ಪಿಯು ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರಮ್ಮ. ವರ್ಣತಂತುಗಳ ಪಾಠ ನನಗೆ ಬಾಯಿಪಾಠ. ಜೀವಕೋಶದ ನಡುವೆ ಸುರುಳಿ ಸುತ್ತಿಕೊಂಡ ಎಳೆಗಳು, ಇಪ್ಪತ್ತಮೂರು ಜೋಡಿ, ಪ್ರತಿ ಜೋಡಿಯಲ್ಲಿ ಒಂದು ಅವ್ವನದು, ಒಂದು ಅಪ್ಪನದು. ಮೈಬಣ್ಣದಿಂದ ಹಿಡಿದು ಗುಂಡಿಗೆಯ ಬಡಿತದವರೆಗೆ ಎಲ್ಲದರ ಕಟ್ಟುಪಾಡೂ ಆ ಎಳೆಯಲ್ಲೇ. ಗಂಟೆ ಹೊಡೆಯುವುದರೊಳಗೆ ಮುಗಿಸಿಬಿಡುತ್ತಿದ್ದೆ. ಅದನ್ನೇ ನನ್ನ ತಂಗಿಯ ಅತ್ತೆಗೆ ಹೇಳಬೇಕಾಗಿ ಬಂದ ದಿನ ಮಾತ್ರ ಆ ಬಾಯಿಪಾಠ ಕೆಲಸಕ್ಕೆ ಬರಲಿಲ್ಲ.

ತಂಗಿಯನ್ನು ಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆಗೆ ಕೊಟ್ಟಿದ್ದೆವು. ಮೂರು ಸಲ ಬಸಿರಾದಳು, ಮೂರೂ ನಿಲ್ಲಲಿಲ್ಲ. ಬಸಿರು ಕಳೆದುಕೊಂಡ ಹೆಂಗಸು ಗಬ್ಬದ ಕುರಿಗಳ ಹಟ್ಟಿಗೆ ಕಾಲಿಡಬಾರದು ಎಂಬುದು ಆ ಮನೆಯ ಕಟ್ಟಳೆ. ಇಟ್ಟರೆ ಕುರಿಗಳೂ ತಿಂಗಳು ತುಂಬದೆ ಕಂದು ಹಾಕುತ್ತವಂತೆ. ಹೋದ ವರ್ಷ ಜಡ್ಡು ಬಂದು ನಾಲ್ಕಾರು ಕುರಿ ಕಂದು ಹಾಕಿದವು. ಇವಳು ಹಟ್ಟಿಯ ಬಾಗಿಲಲ್ಲಿ ಹಾದುಹೋದದ್ದೇ ಕಾರಣವೆಂದು ಅತ್ತೆ ಓಣಿಗೆಲ್ಲ ಕೇಳುವಂತೆ ‘ಕೂಸು ನುಂಗಾಕಿ’ ಎಂದಳು. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಮೈಯೆಲ್ಲ ಉರಿದುಹೋಯಿತು.

ಹರಪನಹಳ್ಳಿಯ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಲು ಹೇಳಿದರು. ಗಂಡಸಿಗೇಕೆ ಪರೀಕ್ಷೆ ಎಂದು ಅತ್ತೆ ಗೊಣಗಿದಳು. ತಂಗಿಯ ಗಂಡ ಮಾತು ಕಡಿಮೆಯವನು. ಕುರಿಗಳನ್ನು ದೊಡ್ಡಪ್ಪನ ಮಗನಿಗೆ ಒಪ್ಪಿಸಿ, ರಕ್ತ ಕೊಡಲು ಹೆಂಡತಿಯ ಜೊತೆ ದಾವಣಗೆರೆ ಬಸ್ಸು ಹತ್ತಿದ. ಕೆಲವು ವಾರಗಳ ಮೇಲೆ ವರದಿ ಬಂತು. ತಂಗಿಯದು ಸರಿಯಿತ್ತು. ಅವನ ಎರಡು ವರ್ಣತಂತುಗಳ ತುದಿಗಳು ಮುರಿದು, ಒಂದರದು ಇನ್ನೊಂದಕ್ಕೆ ಅಂಟಿಕೊಂಡಿದ್ದವು.

ಅವನು ವರದಿ ಹಿಡಿದು ನೇರ ನನ್ನ ಮನೆಗೆ ಬಂದ. “ನಮ್ಮವ್ವಗ ನೀವ ಹೇಳ್ರಿ ಅಕ್ಕಾರ, ನನ್ನ ಬಾಯಿಂದ ಬರಾಂಗಿಲ್ಲ” ಎಂದ.

ಮರುದಿನ ಹೋದೆ. ಅತ್ತೆ ಪಡಸಾಲೆಯಲ್ಲಿ ಸೇಂಗಾ ಸುಲಿಯುತ್ತಿದ್ದಳು. ಜಗಳ ಮಾಡಬೇಕೆಂದೇ ಹೋಗಿದ್ದವಳು ಆ ಸುಕ್ಕು ಕೈ ನೋಡಿ ಮೆತ್ತಗಾದೆ. ಕಾಲೇಜಿನ ಮಾತು ಬಿಟ್ಟು ಹೊಲದ ಮಾತು ಹಿಡಿದೆ.

“ನಿಮ್ಮ ಮಗನ ರಕ್ತದಾಗ ಎರಡು ಹೊಲ ಅದಾವ ಅನ್ಕೊಳ್ರಿ. ಇದರ ತುದಿ ಅದಕ್ಕ ಸೇರೈತಿ, ಅದರ ತುದಿ ಇದಕ್ಕ. ಎರಡೂ ಒಬ್ಬನ ಕೈಯಾಗ ಇದ್ದಾಗ ಏನೂ ಕಡಿಮಿ ಇಲ್ಲ. ಮಕ್ಕಳಿಗೆ ಪಾಲು ಕೊಡುವಾಗ ಒಂದು ತುದಿ ಕಡಿಮಿ ಬೀಳತೈತಿ, ಇನ್ನೊಂದು ಹೆಚ್ಚಾಗತೈತಿ. ಅಂಥ ಕೂಸು ನಿಲ್ಲಂಗಿಲ್ರಿ.”

ಒಮ್ಮೊಮ್ಮೆ ಪಾಲು ಸರಿಬೀಳುತ್ತದೆ, ಗಟ್ಟಿ ಕೂಸು ಹುಟ್ಟುವುದೂ ಉಂಟು ಎಂದೆ. ಆಕೆ ತಲೆ ಎತ್ತದೆ, ಇದು ಮಗನಿಗೆ ಎಲ್ಲಿಂದ ಬಂತೆಂದು ಕೇಳಿದಳು. ಅವ್ವನಿಂದಲೋ ಅಪ್ಪನಿಂದಲೋ ಬಂದಿರಬಹುದು, ಪರೀಕ್ಷೆ ಮಾಡಿಸದೆ ಹೇಳಲಾಗದು ಎಂದೆ. ಸೇಂಗಾ ಸುಲಿಯುವ ಕೈ ನಿಂತಿತು.

“ಇವ ಹುಟ್ಟಾಕಿಂತ ಮೊದ್ಲ ನನಗ ನಾಕು ಹೋಗ್ಯಾವ.”

ಮಗನಿಗೂ ಹೇಳದೆ ಉಳಿಸಿಕೊಂಡ ಮಾತು ಅದು. ಮೈಲಿಗೆಯಲ್ಲಿ ಗುಡಿ ಮೆಟ್ಟಿದ ಪಾಪ ಎಂದು ಆಕೆಯ ಅತ್ತೆ ಅಂದಿದ್ದಳಂತೆ. ಆ ಪಾಪ ಕಳೆಯಲೆಂದು ಈಕೆ ಇವತ್ತಿಗೂ ಮಂಗಳವಾರ ಒಪ್ಪೊತ್ತು ಇರುತ್ತಿದ್ದಳು.

“ಹಂಗಾರ ಅವು ನನ್ನ ಪಾಪಕ್ಕ ಹೋಗಿದ್ದಲ್ಲ?”

“ಅಲ್ರಿ ಯವ್ವಾ. ಯಾರ ಪಾಪಕ್ಕೂ ಅಲ್ಲ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಪಡಸಾಲೆಯ ಮಾತು ಕೇಳಿಸಿಕೊಂಡೇ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಹೆಣ್ಣು ನೋಡುವ ಮಾತು ಇಲ್ಲಿಗೆ ಮುಗಿಯಿತೆಂದು ಸೊಸೆಗೆ ಹೇಳಿ, ಆಕೆಯ ಹಿಟ್ಟಿನ ಕೈ ಹಿಡಿದುಕೊಂಡಳು. “ನನಗ ಅಂದಿದ್ದ ಮಾತ ನಾನು ನಿನಗ ಅಂದ್ನಲ್ಲ ಮಗಳ” ಎಂದಳು.

ತಂಗಿ ಇನ್ನೊಂದು ಕೈಯಿಂದ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಕ್ಷಮಿಸುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಕೇಳಿದಳು: “ಅತ್ತಿ, ಆ ನಾಕಕ್ಕೂ ಹೆಸರು ಇಟ್ಟಿದ್ರೇನು?”

“ಇಟ್ಟಿದ್ನೆವ್ವಾ. ಮನಸಿನ್ಯಾಗ.”

ಒಂದೊಂದೇ ಹೇಳಿದಳು. ತಂಗಿಯೂ ತನ್ನ ಮೂರರ ಹೆಸರು ಹೇಳಿದಳು. ಹೊಸ್ತಿಲ ಹೊರಗೆ ನಿಂತಿದ್ದ ಅವಳ ಗಂಡ, ತನ್ನ ಒಡಹುಟ್ಟಿದವರ ಹೆಸರನ್ನೂ ತನ್ನ ಮಕ್ಕಳ ಹೆಸರನ್ನೂ ಅವತ್ತೇ ಮೊದಲ ಸಲ ಕೇಳಿದ.