ಉಡಿಯೊಳಗೆ ಹೋದ ಬೀಜ

ನನ್ನ ಹಿರಿಯ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ಸೊಂಟದಲ್ಲಿ ಒಂದು ಕೀಲಿಕೈ ತೂಗುತ್ತಿತ್ತು. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಕುಷ್ಟಗಿ ಕಡೆಗೆ ಹೈಬ್ರಿಡ್ ಹತ್ತಿ ಆಗ ಹೊಸದು. ಬೀಜದ ಕಂಪನಿಯವರು ನಮ್ಮ ಹೊಲದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಹಾಕಿಸುತ್ತಿದ್ದರು. ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಿ ಗುರುತಿಗೆ ದಾರ ಕಟ್ಟುವುದು ಹೆಂಗಸರ ಕೆಲಸ. ಆ ಎರಡು ತಳಿಗಳೇ ಕಂಪನಿಯ ಗುಟ್ಟು. ಎರಡೂ ಸಿಕ್ಕರೆ ಯಾರು ಬೇಕಾದರೂ ಅದೇ ಬೀಜ ಮಾಡಬಹುದು. ಅದಕ್ಕೇ ಮೂಲಬೀಜವನ್ನು ನಮ್ಮ ಮನೆಯ ಟ್ರಂಕಿನಲ್ಲಿಟ್ಟು, ಬಾಗಿಲಿಗೊಬ್ಬ ಕಾವಲುಗಾರನನ್ನು ಕೂರಿಸಿದ್ದರು. ಹೋಗುವವರ ರುಮಾಲು, ಬುತ್ತಿಗಂಟು ಎಲ್ಲ ಬಿಚ್ಚಿಸಿ ನೋಡುತ್ತಿದ್ದ.

ಹೂವಿನ ಕೆಲಸದಲ್ಲಿ ನನ್ನ ಕೈ ಚುರುಕು. ಟ್ರಂಕಿನ ಕೀಲಿಕೈ ಮಾತ್ರ ನೆಗೆಣ್ಣಿಗೆ. ಕಂಪನಿಯ ಸಾಹೇಬ ಅವಳನ್ನು ಅಕ್ಕಾರ ಅನ್ನುತ್ತಿದ್ದ, ನನ್ನನ್ನು ಏಯ್ ಅನ್ನುತ್ತಿದ್ದ.

ಯಲಬುರ್ಗಾಕ್ಕೆ ಕೊಟ್ಟ ನಾದಿನಿ ತವರಿಗೆ ಬಂದು ಹೊರಟಾಗ ನೆಗೆಣ್ಣಿಯೇ ಉಡಿ ತುಂಬಿದಳು. ನಾದಿನಿ ಅವಳ ಕಿವಿಯಲ್ಲಿ ಹತ್ತಿಬೀಜ ಕೇಳಿದ್ದು ನನಗೆ ಆಮೇಲೆ ತಿಳಿಯಿತು. ಮನೆಮಗಳು ಬೀಜ ಕೇಳಿದರೆ ನಮ್ಮಲ್ಲಿ ಇಲ್ಲ ಅನ್ನುವುದಿಲ್ಲ. ಉಡಿಯ ತಳಕ್ಕೆ ಗಂಡು ತಳಿಯದೊಂದು ಗಂಟು, ಹೆಣ್ಣು ತಳಿಯದೊಂದು ಗಂಟು, ಮೇಲೆ ಅಕ್ಕಿ, ಕೊಬ್ಬರಿ. ಕಾವಲುಗಾರ ಚೀಲ ನೋಡಿ ಬಿಟ್ಟ. ಮುತ್ತೈದೆಯ ತುಂಬಿದ ಉಡಿ ಬಿಚ್ಚಿಸುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ನಾದಿನಿಯ ಗಂಡ ಅದನ್ನು ಗಂಗಾವತಿಯ ವ್ಯಾಪಾರಿಗೆ ಮಾರಿಕೊಂಡ. ವರ್ಷ ಕಳೆದು ಕಂಪನಿಯದೇ ಚಿತ್ರವಿದ್ದ ಬೀಜದ ಚೀಲಗಳು ಅಲ್ಲಿನ ಪೇಟೆಗೆ ಬಂದವು. ಅದನ್ನು ಬಿತ್ತಿದವರ ಹೊಲದಲ್ಲಿ ಗಿಡ ಆಳೆತ್ತರ ಬೆಳೆದವು, ಕಾಯಿ ಹಿಡಿಯಲಿಲ್ಲ. ಮೂಲ ಹುಡುಕುತ್ತ ಸಾಹೇಬ ನಮ್ಮ ಮನೆಗೆ ಬಂದ. ನೆಗೆಣ್ಣಿ ತಲೆ ತಗ್ಗಿಸಲಿಲ್ಲ.

"ಮನಿಮಗಳ ಉಡಿಗೆ ಹಾಕೀನ್ರಿ. ಕದ್ದಿಲ್ಲ."

"ಅಕ್ಕಾರ, ಅವರು ಕಾಳಜಿ ಇಲ್ದ ಬೀಜ ಮಾಡಿ ನಮ್ಮ ಹೆಸರಿಲೆ ಮಾರ್ಯಾರ. ಬೈಗಳ ನಮಗ. ಖರೇ ಯಾವುದು, ಖೋಟಾ ಯಾವುದು, ಕಾಳು ನೋಡಿ ನನಗೂ ಹೇಳಾಕ ಬರಂಗಿಲ್ಲ."

ಅವಳಿಂದ ಕೀಲಿಕೈ ಇಸಕೊಂಡ. ಇನ್ನು ಯಾರಿಗೆ ಕೊಡಲಿ ಎಂದು ಅವನು ಕೇಳುವ ಮೊದಲೇ ನಾನು ಕೈ ಚಾಚಿದ್ದೆ. ಕೊಟ್ಟ. ಮಾರನೇ ದಿನ ಜೀಪು ತಂದು ಟ್ರಂಕಿನಲ್ಲಿದ್ದ ಬೀಜವನ್ನೆಲ್ಲ ಒಯ್ದ. ನಮ್ಮ ಊರಿಗೆ ಮತ್ತೆ ಆ ಕೆಲಸ ಬರಲಿಲ್ಲ.

ಮುಂದೆ ಬಂದಾಗಲೂ ನಾದಿನಿ ಉಡಿ ತುಂಬಿಸಿಕೊಂಡದ್ದು ನೆಗೆಣ್ಣಿಯ ಕೈಯಿಂದಲೇ. ನಾನು ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡು ಎದುರಿಗೆ ನಿಂತಿದ್ದೆ. ನೆಗೆಣ್ಣಿ ನಕ್ಕಳು.

"ಏನ್ ಕಾಯಾಕತ್ತಿಯವಾ, ಟ್ರಂಕಿನಾಗಿನ ಗಾಳೀನ?"

ನಾನು ಕೀಲಿಕೈಯನ್ನು ಸೊಂಟದಲ್ಲಿ ಇನ್ನಷ್ಟು ಬಿಗಿಯಾಗಿ ಸಿಗಿಸಿಕೊಂಡೆ. ಅದನ್ನು ಯಾರಿಗೂ ಕೊಡಲಿಲ್ಲ.