ಸುಟ್ಟ ಕೈಗೆ ಬಟ್ಟೆ ಕಟ್ಟಿದವರು

ಬಾದಾಮಿಯ ಗುಹೆಗಳಿಗೆ ಹತ್ತುವ ಮೆಟ್ಟಿಲುಗಳ ಮೇಲೆ ಆ ಹೆಂಗಸಿನ ಕಾಲು ಹೊರಳಿದಾಗ ನಾನು ಹಿಂದೆಯೇ ಇದ್ದೆ. ಎತ್ತರದ ಆಳು, ಪೂರಾ ಬಿಳಿ ಕೂದಲು, ಎಪ್ಪತ್ತು ದಾಟಿದ ಪರದೇಶದ ಹೆಂಗಸು. ತೋಳು ಹಿಡಿದು ನಿಲ್ಲಿಸಿದೆ. ಆ ಗಡಿಬಿಡಿಯಲ್ಲಿ ಇಂಗ್ಲಿಷು ನೆನಪಾಗಲಿಲ್ಲ. ನಮ್ಮ ಮನೆಯವರಿಗೆ ಹೇಳುವ ಹಾಗೆಯೇ, "ಸಾವಕಾಶ್ರಿ, ಸಾವಕಾಶ" ಅಂದುಬಿಟ್ಟೆ.

ಆಕೆ ಕಾಲು ನೋಡಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಏನಂದಿರಿ, ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಆ ಶಬ್ದವನ್ನು ತನ್ನ ಬಾಯಲ್ಲಿ ಆಡಿಸಿ ನೋಡಿದಳು, ಆಮೇಲೆ ಕಣ್ಣು ಒರೆಸಿಕೊಂಡಳು. ನೋವಿಗೆ ಅಳುತ್ತಿದ್ದಾಳೆಂದು ತಿಳಿದು ನಾನು ಆಟೋ ಹುಡುಕಲು ಕೆಳಗೆ ಇಳಿದೆ.

ದವಾಖಾನೆಯಲ್ಲಿ ಪಟ್ಟಿ ಕಟ್ಟಿ, ಒಂದು ವಾರ ನಡೆಯಕೂಡದು ಎಂದು ಹೇಳಿದರು. ಲಾಡ್ಜಿಗೆ ಬಿಟ್ಟು ಹೊರಡುವಾಗ, ನಾಳೆ ಬರುತ್ತೀರಾ, ನಿಮಗೊಂದು ವಿಷಯ ಹೇಳಬೇಕು ಅಂದಳು. ನನಗೆ ಬೇರೆ ಕೆಲಸವೇನೂ ಇರಲಿಲ್ಲ.

ನಾನು ವಾಯುಪಡೆಯಲ್ಲಿ ನೆಲದ ಮೇಲೆ ಕೆಲಸ ಮಾಡಿದವನು. ವಿಮಾನ ಹಾರಿಸಿದವನಲ್ಲ, ಹಾರಿಸುವವರಿಗೆ ಅದನ್ನು ಸಜ್ಜು ಮಾಡಿ ಕೊಟ್ಟವನು. ಹುಟ್ಟಿದ್ದು ಇಳಕಲ್ಲಿನಲ್ಲಿ, ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ. ಸೇವೆ ಮುಗಿಸಿ ಬಂದ ಮೇಲೆ ಬಾಗಲಕೋಟೆಯ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಇದ್ದೆ. ಹೆಂಡತಿಯ ತವರುಮನೆ ಹಳೇ ಊರಿನ ಜೊತೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರದಲ್ಲಿ ಮನೆ ಮಾಡಿದೆವು. ಆಕೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಮಗಳು ಹುಬ್ಬಳ್ಳಿಯಿಂದ ಫೋನು ಮಾಡುತ್ತಾಳೆ, ಅಬ್ಬಾ, ಊಟ ಆತೇನು ಅನ್ನುತ್ತಾಳೆ, ಆತು ಅನ್ನುತ್ತೇನೆ. ಮುಂದೆ ಇಬ್ಬರಿಗೂ ಏನು ಕೇಳಬೇಕೆಂದು ತಿಳಿಯುವುದಿಲ್ಲ. ಹೀಗಾಗಿ ಆಗಾಗ ಬಸ್ಸು ಹತ್ತಿ ಬಾದಾಮಿಗೆ ಹೋಗುವುದು, ಹೊಂಡದ ದಂಡೆಯಲ್ಲಿ ಕೂತು ಬರುವುದು ರೂಢಿಯಾಗಿತ್ತು. ಯಾರಾದರೂ ಬಂದು ದಾರಿ ಕೇಳಿದರೆ ಅಂದಿನ ಮಾತು ಅಲ್ಲಿಗೆ ಆಯಿತು.

ಮರುದಿನ ಬಾಳೆಹಣ್ಣು ತೆಗೆದುಕೊಂಡು ಹೋದೆ. ಲಾಡ್ಜಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ತಾನು ಜರ್ಮನಿಯವಳು, ಶಾಲೆಯಲ್ಲಿ ಮೇಷ್ಟ್ರಾಗಿದ್ದವಳು ಎಂದಳು. ಗಂಡನಿಲ್ಲ, ಮಗನೊಬ್ಬ ದೂರದ ಊರಲ್ಲಿದ್ದಾನೆ. ಆಮೇಲೆ ಆ ಶಬ್ದದ ವಿಷಯಕ್ಕೆ ಬಂದಳು. ಸಣ್ಣವಳಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೆ ಅವಳ ಅಪ್ಪ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದ. ಕಟ್ಟುವಾಗ ಒಂದೇ ಶಬ್ದವನ್ನು ಮತ್ತೆ ಮತ್ತೆ ಅನ್ನುತ್ತಿದ್ದ. ಅದು ಜರ್ಮನ್ ಮಾತಲ್ಲ. ಅರ್ಥ ಕೇಳಿದರೆ ತನಗೂ ಗೊತ್ತಿಲ್ಲ, ಹಿಂದೆ ಒಬ್ಬ ಸಿಪಾಯಿ ತನಗೆ ಹೀಗೆ ಹೇಳಿದ್ದ ಅನ್ನುತ್ತಿದ್ದ. ಆ ಸಿಪಾಯಿ ಹಿಂದೂಸ್ತಾನದವನು ಎನ್ನುವುದಷ್ಟೇ ಅವಳಿಗೆ ಗೊತ್ತಿತ್ತು. ನಿನ್ನೆ ಮೆಟ್ಟಿಲ ಮೇಲೆ ನನ್ನ ಬಾಯಿಂದ ಬಂದದ್ದು ಆ ಶಬ್ದವೇ.

ಅವಳ ಅಪ್ಪ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವನು. ಮುಂದಿನ ನಾಲ್ಕೈದು ದಿನ ನಾನು ದಿನವೂ ಬಸ್ಸು ಹತ್ತಿದೆ. ಆಕೆ ಹೇಳಿದಳು, ನಾನು ಕೇಳಿದೆ.

ಅವನು ಗುಡ್ಡಗಾಡಿನ ಊರೊಂದರಲ್ಲಿ ಬ್ರೆಡ್ಡು ಸುಡುವವನ ಮಗ. ಸಾಲಿಯಲ್ಲಿದ್ದಾಗಲೇ ಎಂಜಿನ್ ಇಲ್ಲದ, ಗಾಳಿಯ ಮೇಲೆ ತೇಲುವ ವಿಮಾನದಲ್ಲಿ ಗುಡ್ಡದಿಂದ ಜಿಗಿದು ಹಾರಲು ಕಲಿತ. ಕಲಿಸುತ್ತಿದ್ದವರು ಆ ಕಾಲದ ಸರಕಾರದವರು, ಅವರ ಹಾಡು, ಅವರ ಅಂಗಿ. ಅಪ್ಪ ಅದನ್ನೆಲ್ಲ ನಂಬಿದ್ದನೇ ಎಂದು ನಾನು ಕೇಳಿದೆ. ನಂಬಿದ್ದ, ಅದನ್ನು ಅವನು ಯಾವತ್ತೂ ಮುಚ್ಚಿಡಲಿಲ್ಲ ಅಂದಳು. ನೆರೆಮನೆಯ ಯಹೂದಿ ದರ್ಜಿಯ ಸಂಸಾರವನ್ನು ಪೊಲೀಸರು ಕರೆದೊಯ್ದಾಗ ಅವನು ರಜೆಯ ಮೇಲೆ ಊರಿನಲ್ಲೇ ಇದ್ದನಂತೆ. ಕಿಟಕಿಯಿಂದ ನೋಡಿದೆ, ಮರುದಿನ ದಂಡಿಗೆ ಮರಳಿದೆ ಎಂದಿದ್ದ. ಇದನ್ನು ಹೇಳುವಾಗ ಆಕೆ ನನ್ನ ಕಡೆ ನೋಡಲಿಲ್ಲ.

ಮೊದಲು ಅವನನ್ನು ಫ್ರಾನ್ಸಿನ ಸಮುದ್ರ ದಂಡೆಗೆ ಹಾಕಿದರು. ಸಮುದ್ರ ದಾಟಿ ಇಂಗ್ಲೆಂಡಿನ ಮೇಲೆ ಹೋಗಬೇಕು, ಅಲ್ಲಿ ಕೆಲವೇ ನಿಮಿಷ ಕಾದಾಡುವಷ್ಟು ಎಣ್ಣೆ. ಎಣ್ಣೆ ಮುಗಿಯಲು ಬಂದರೆ ಎದುರಿಗೆ ಕೆಂಪು ದೀಪ ಹತ್ತುತ್ತದೆ. ಆ ದೀಪ ನೋಡುತ್ತ ನೀರಿನ ಮೇಲೆ ಮರಳುವಾಗ, ಜೊತೆಗೆ ಹಾರಿದ ಹುಡುಗರು ಒಬ್ಬೊಬ್ಬರಾಗಿ ಸಮುದ್ರಕ್ಕೆ ಬೀಳುವುದನ್ನು ಅವನು ನೋಡಿದ. ತಣ್ಣೀರಿನಲ್ಲಿ ಬಿದ್ದವರು ಬಹಳ ಹೊತ್ತು ಬದುಕುತ್ತಿರಲಿಲ್ಲ.

ಆಮೇಲೆ ರಷ್ಯಾ. ಫೈಟರುಗಳು ಜೋಡಿಯಾಗಿ ಹಾರುತ್ತವೆ. ಮುಂದಿನವನು ಗುಂಡು ಹಾರಿಸುತ್ತಾನೆ, ಹಿಂದಿನವನು ಅವನ ಬೆನ್ನು ಕಾಯುತ್ತಾನೆ. ಅವಳ ಅಪ್ಪ ಬೆನ್ನು ಕಾಯುವವನು. ಮುಂದೆ ಹಾರುತ್ತಿದ್ದವನು ಅವನಿಗಿಂತ ಸ್ವಲ್ಪ ದೊಡ್ಡವನು, ಅವನ ಜೀವದ ಗೆಳೆಯ. ಒಂದು ದಿನ ಕೆಳಗಿನಿಂದ ಬಂದ ಗುಂಡು ಆ ಗೆಳೆಯನ ಎಂಜಿನ್ನಿಗೆ ಬಿತ್ತು. ಅವನು ಶತ್ರುಗಳ ಕಡೆಯ ಗೋದಿಯ ಹೊಲದಲ್ಲಿ ಹೇಗೋ ವಿಮಾನ ಇಳಿಸಿದ. ಹೊರಗೆ ಬಂದು ರೆಕ್ಕೆಯ ಪಕ್ಕ ನಿಂತು ಕೈ ಬೀಸಿದ. ಇವನು ಮೇಲೆ ಸುತ್ತು ಹೊಡೆದ. ನೆಲ ಹಸಿಯಾಗಿತ್ತು, ಇಳಿದರೆ ಮತ್ತೆ ಏಳುವಂತಿರಲಿಲ್ಲ. ದೂರದಿಂದ ಸಿಪಾಯಿಗಳು ಹೊಲದ ಕಡೆ ಓಡಿ ಬರುತ್ತಿದ್ದರು. ಕೆಂಪು ದೀಪ ಹತ್ತುವ ತನಕ ಸುತ್ತಿದ, ಆಮೇಲೆ ಮರಳಿದ. ಆ ಗೆಳೆಯ ಬದುಕಿದನೋ ಸತ್ತನೋ ಯಾರಿಗೂ ತಿಳಿಯಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ, ಸೆರೆಯಾಳುಗಳು ರಷ್ಯಾದಿಂದ ಬರುತ್ತಿದ್ದಾರೆ ಎಂದು ಕೇಳಿದರೆ ಸಾಕು, ಅಪ್ಪ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದ. ಸಣ್ಣವಳಾದ ಇವಳ ಕೈ ಹಿಡಿದುಕೊಂಡು ನಿಲ್ಲುತ್ತಿದ್ದ.

ಅಂದು ನಾನು ಎದ್ದು ಚಹಾ ತರಲು ಹೋದೆ. ಮರಳಿ ಬಂದು, ಕೇಳದಿದ್ದರೂ, ನನ್ನದೂ ಒಂದು ಹೇಳಿದೆ.

ನಾನು ಇನ್ನೂ ತರುಣನಿದ್ದಾಗ ಒಬ್ಬ ಅಧಿಕಾರಿಯ ವಿಮಾನ ನನ್ನ ಕೈಯಲ್ಲಿತ್ತು. ಅವನಿಗೆ ಸೀಟಿನ ಪಟ್ಟಿ ಬಿಗಿದು, ಏಣಿ ತೆಗೆದು, ಗಾಲಿಯ ಮುಂದಿನ ತಡೆ ಎಳೆಯುವುದು ನನ್ನ ಕೆಲಸ. ಹೊರಡುವಾಗ ನನಗೆ ಕೈ ಎತ್ತಿ ತೋರಿಸುತ್ತಿದ್ದ. ಒಂದು ಮುಂಜಾನೆ ಎಲ್ಲರೂ ಮರಳಿದರು, ಅವನು ಬರಲಿಲ್ಲ. ಅದು ಯುದ್ಧದ ದಿನವೂ ಅಲ್ಲ, ಎಂದಿನ ಹಾರಾಟ. ಗುಡ್ಡಕ್ಕೆ ಮೋಡ ಕವಿದಿತ್ತೆಂದು ಆಮೇಲೆ ಹೇಳಿದರು, ಯಾರ ತಪ್ಪೂ ಇರಲಿಲ್ಲ. ಉಳಿದ ವಿಮಾನಗಳ ನಡುವೆ ಅವನ ಜಾಗ ಖಾಲಿ ಇತ್ತು. ಮಧ್ಯಾಹ್ನ ಊಟಕ್ಕೆ ಕರೆದರು, ನಾನು ಹೋಗಲಿಲ್ಲ. ಏಣಿಯ ಹತ್ತಿರ ಬಿಸಿಲಲ್ಲೇ ಕೂತೆ. ಏಕೆ ಕೂತಿದ್ದೀ ಎಂದು ಯಾರೂ ಕೇಳಲಿಲ್ಲ, ಹಿಂದೆ ಅವರೂ ಹಾಗೆ ಕೂತವರೇ. ಇದನ್ನು ನಾನು ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಚಹಾ ಆರಿಹೋಗಿತ್ತು, ಇಬ್ಬರೂ ಹಾಗೆಯೇ ಕುಡಿದೆವು.

ಕಡೆಗೆ ಅವಳ ಅಪ್ಪನನ್ನು ಇಟಲಿಗೆ ಕಳಿಸಿದರು. ಅಷ್ಟರಲ್ಲಿ ಅವನು ಜೋಡಿಯಲ್ಲಿ ಮುಂದೆ ಹಾರುವವನಾಗಿದ್ದ, ಬಹಳ ವಿಮಾನ ಕೆಡವಿದ್ದ. ಕೆಡವಿದ ಪ್ರತಿ ವಿಮಾನಕ್ಕೂ ತಮ್ಮ ವಿಮಾನದ ಬಾಲದ ಮೇಲೆ ಒಂದು ಗೆರೆ ಬಳಿಯುವ ಪದ್ಧತಿ ಇತ್ತಂತೆ. ಬೀಳುತ್ತಿದ್ದ ಒಂದು ವಿಮಾನದಲ್ಲಿ ಹೊರಗೆ ಬರಲಾಗದೆ ಗಾಜು ಬಡಿಯುತ್ತಿದ್ದವನ ಮುಖ ನೋಡಿದ ಮೇಲೆ, ಇನ್ನು ಗೆರೆ ಬಳಿಯಬೇಡ ಎಂದು ತನ್ನ ಮೆಕ್ಯಾನಿಕನಿಗೆ ಹೇಳಿದ. ಕೆಡವುವುದನ್ನು ಮಾತ್ರ ನಿಲ್ಲಿಸಲಿಲ್ಲ. ಇಟಲಿಯಲ್ಲಿ ಒಂದು ಮಧ್ಯಾಹ್ನ ಅವನ ವಿಮಾನಕ್ಕೇ ಬೆಂಕಿ ಬಿತ್ತು. ತಲೆಯ ಮೇಲಿನ ಗಾಜಿನ ಮುಚ್ಚಳ ತೆಗೆಯುವಷ್ಟರಲ್ಲಿ ಎರಡೂ ಕೈ ಸುಟ್ಟವು. ಪ್ಯಾರಾಶೂಟಿನಲ್ಲಿ ದ್ರಾಕ್ಷಿ ತೋಟಕ್ಕೆ ಬಿದ್ದ. ಬಂದೂಕು ಹಿಡಿದು ಬಂದವರು ಇಂಗ್ಲಿಷರ ದಂಡಿನಲ್ಲಿದ್ದ, ಕಪ್ಪು ಮೀಸೆಯ ಹಿಂದೂಸ್ತಾನಿ ಸಿಪಾಯಿಗಳು. ತನ್ನನ್ನು ಕೊಲ್ಲುತ್ತಾರೆ ಎಂದುಕೊಂಡ. ಅವರಲ್ಲಿ ಒಬ್ಬ ಬಂದೂಕು ಪಕ್ಕಕ್ಕಿಟ್ಟು, ಸುಟ್ಟ ಕೈಗವಸು ಕತ್ತರಿಸಿ ಬಿಡಿಸಿದ, ನೀರು ಹಾಕಿದ, ತನ್ನ ಚೀಲದಿಂದ ಬಟ್ಟೆ ತೆಗೆದು ಹರಿದು ಕಟ್ಟಿದ. ಇವನು ನೋವಿಗೆ ಕೈ ಎಳೆದಾಗಲೆಲ್ಲ ಆ ಶಬ್ದ ಹೇಳಿದ. ಅಲ್ಲಿಗೆ ಅವನ ಯುದ್ಧ ಮುಗಿಯಿತು. ಸೆರೆಯಿಂದ ಬಿಟ್ಟ ಮೇಲೆ ಊರಿಗೆ ಬಂದು ಬದುಕಿಡೀ ಹಾಲಿನ ಲಾರಿ ಓಡಿಸಿದ. ಮತ್ತೆ ವಿಮಾನ ಹತ್ತಲಿಲ್ಲ.

ಆ ಸಿಪಾಯಿ ನಿಮ್ಮ ಕಡೆಯವನು ಇರಬಹುದೇ ಎಂದು ಆಕೆ ಕೇಳಿದಳು. ಖರೆ ಹೇಳಿದೆ. ನಮ್ಮ ಕಡೆಯಿಂದ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿ ಆ ಯುದ್ಧಕ್ಕೆ ಹೋದವರು ಇದ್ದಾರೆ. ಆದರೆ ಮರಾಠಿಯವರೂ ಸಾವಕಾಶ ಎಂದೇ ಅನ್ನುತ್ತಾರೆ. ಸಾತಾರದವನಿರಬಹುದು, ಕೊಲ್ಹಾಪುರದವನಿರಬಹುದು, ಹುಡುಕಿ ಪ್ರಯೋಜನವಿಲ್ಲ. ಗೊತ್ತು ಅಂದಳು. ಆದರೂ ಅಂಥ ಒಬ್ಬ ಸಿಪಾಯಿಯ ಮನೆಯನ್ನಾದರೂ ನೋಡಬೇಕು ಅಂದಳು.

ನನ್ನ ಜೊತೆ ಕಾಲೇಜಿನಲ್ಲಿದ್ದ ಹುನಗುಂದದ ಗೆಳೆಯನೊಬ್ಬನಿಗೆ ಫೋನು ಮಾಡಿದೆ. ಮರೋಳ ಹಳ್ಳಿಯಲ್ಲಿ ಒಬ್ಬ ಮುದುಕ ಇದ್ದ, ಇಟಲಿಗೆ ಹೋಗಿ ಬಂದವನು, ಸತ್ತು ಬಹಳ ದಿನವಾಯಿತು, ಮಗಳು ಇದ್ದಾಳೆ ಅಂದ. ಜರ್ಮನ್ ಹೆಂಗಸಿನ ಕಾಲಿನ ಬಾವು ಸ್ವಲ್ಪ ಇಳಿದ ಮೇಲೆ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಹೊಲಗಳಿಗೆ ಪೈಪಿನ ನೀರು ಬಂದು ದಾರಿಯ ಎರಡೂ ಬದಿ ಹಸಿರಾಗಿತ್ತು. ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಸಿಪಾಯಿಯ ಮಗಳು ನಮಗಿಂತ ಹಿರಿಯಳು, ಬೆನ್ನು ಬಾಗಿದ್ದರೂ ದನಿ ಗಟ್ಟಿ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಂದ ಕಾರಣ ಎಲ್ಲ ಹೇಳಿದೆ. ನಿಮ್ಮಪ್ಪ ಇಂಥ ಕೈ ಸುಟ್ಟವನ ವಿಷಯ ಏನಾದರೂ ಹೇಳಿದ್ದನೇನು ಎಂದು ಕೇಳಿದೆ. ಜರ್ಮನ್ ಹೆಂಗಸು ಅವಳ ಬಾಯನ್ನೇ ನೋಡುತ್ತಿದ್ದಳು. ಮುದುಕಿ ಹೌದು ಅಂದುಬಿಡಲಿ, ಸುಳ್ಳಾದರೂ ಆಗಲಿ ಎಂದು ನನ್ನ ಮನಸ್ಸು ಬಯಸಿತು.

"ಇಲ್ಲ ತಮ್ಮಾ," ಅಂದಳು. "ನಮ್ಮಪ್ಪ ಅಲ್ಲಿಂದು ಏನೂ ಹೇಳಲಿಲ್ಲ. ಕೇಳಿದ್ರ ಎದ್ದು ಹೊಲಕ್ಕ ಹೋಗ್ತಿದ್ದ."

ಮೇಲೆ ವಿಮಾನದ ಸದ್ದು ಬಂದರೆ ಮಕ್ಕಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕುತ್ತಿದ್ದ ಎನ್ನುವುದೊಂದು ಅವಳಿಗೆ ನೆನಪಿತ್ತು. ಹೊರಗೆ ತಾನು ಒಬ್ಬನೇ ಗೋಡೆಗೆ ಒತ್ತಿ ನಿಲ್ಲುತ್ತಿದ್ದನಂತೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕಿ ಶೇಂಗಾ ಪಕ್ಕಕ್ಕೆ ಸರಿಸಿ ಕೇಳಿದಳು.

"ಇಕಿ ಅಪ್ಪ ವಿಮಾನದಾಗ ಬಂದು ನಮ್ಮಪ್ಪಗ ಗುಂಡು ಹಾಕಿದ್ನೇನು? ಕೇಳು."

ಇದನ್ನು ಹೇಳಲೋ ಬೇಡವೋ ಎಂದು ಅನುಮಾನಿಸಿದೆ, ಆದರೂ ಹೇಳಿದೆ. ಜರ್ಮನ್ ಹೆಂಗಸಿನ ಮುಖ ಬಿಳಿಚಿತು. ಹಾಕಿರಬಹುದು ಅಂದಳು. ಇಟಲಿಯಲ್ಲಿ ರಸ್ತೆಯ ಮೇಲೆ ಹೋಗುವ ಲಾರಿಗಳ ಮೇಲೆ, ನಡೆದು ಹೋಗುವ ಸಿಪಾಯಿಗಳ ಮೇಲೆ ಕೆಳಗಿಳಿದು ಗುಂಡು ಹಾರಿಸಿದ್ದಾಗಿ ಅಪ್ಪ ಹೇಳಿದ್ದ. ಅದನ್ನು ಹಾಗೆಯೇ ಹೇಳಿ ಅಂದಳು. ಹೇಳಿದೆ.

ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು. ಸಿಟ್ಟೋ ಮರುಕವೋ ನನಗೆ ತಿಳಿಯಲಿಲ್ಲ.

"ನಮ್ಮಪ್ಪನೂ ಅವರ ಮಂದಿಗೆ ಹಾಕಿರ್ತಾನ," ಅಂದಳು. "ಮ್ಯಾಲೆ ಕುಂಡ್ರು ಅನ್ನು ಇಕಿಗೆ. ಕಾಲು ನೋಯ್ತಿರಬೇಕು. ರೊಟ್ಟಿ ಉಂಡು ಹೋಗ್ಲಿ."

ತನ್ನ ಪಕ್ಕದಲ್ಲೇ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಳು. ಸೊಸೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಳು. ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಉಂಡರು. ನಾನು ನಡುವೆ ಬಾಯಿ ಹಾಕಲಿಲ್ಲ. ಉಂಡಾದ ಮೇಲೆ ಜರ್ಮನ್ ಹೆಂಗಸು ತಾನೂ ಶೇಂಗಾ ಸುಲಿಯಲು ಕೂತಳು. ಬಿಸಿಲು ಕಟ್ಟೆ ಬಿಟ್ಟು ಇಳಿಯುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು. ಹೊರಡುವಾಗ ಮುದುಕಿ ಅವಳ ಗಲ್ಲ ಸವರಿ ಲಟಿಕೆ ಮುರಿದಳು.

ಕಾರಿನಲ್ಲಿ ಆಕೆ ಒಂದೇ ಮಾತು ಹೇಳಿದಳು. ಅಪ್ಪ ಇದ್ದಾಗ ಯುದ್ಧದಲ್ಲಿ ಅವನು ಮಾಡಿದ್ದರ ಬಗ್ಗೆ ತಾನು ಬಹಳ ಕಟುವಾಗಿ ಕೇಳುತ್ತಿದ್ದೆ, ಕೇಳಬೇಕಾದದ್ದೇ ಅದು, ಆದರೆ ಅವನು ಸತ್ತ ಮೇಲೆ ಇವನ್ನೆಲ್ಲ ಹೇಳಿಕೊಳ್ಳಲು ತನಗೆ ಯಾರೂ ಸಿಗಲಿಲ್ಲ. ತನ್ನ ದೇಶದವರಿಗೆ ಆ ಸರಕಾರಕ್ಕಾಗಿ ಕಾದಿದವರ ಹೆಸರೇ ಬೇಡ, ಮಗನಿಗೆ ಹಳೆಯ ಕತೆ ಸಾಕಾಗಿದೆ. ಹೇಳಲು ಯಾರೂ ಇಲ್ಲದ ಮನೆ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

ಆಕೆ ಊರಿಗೆ ಹೋದ ಮೇಲೆ ಆದಿತ್ಯವಾರಕ್ಕೊಮ್ಮೆ ಫೋನು ಮಾಡತೊಡಗಿದಳು. ಅಲ್ಲಿ ಹಿಮ, ಇಲ್ಲಿ ಬಿಸಿಲು. ಅವಳ ಮೊಣಕಾಲು, ನನ್ನ ಸಕ್ಕರೆ ಕಾಯಿಲೆ. ಮರೋಳದ ಮುದುಕಿ ಹೇಗಿದ್ದಾಳೆ ಎಂದು ಕೇಳದೆ ಫೋನು ಇಡುತ್ತಿರಲಿಲ್ಲ. ಅದಕ್ಕಾಗಿಯೇ ನಾನು ಆಗಾಗ ಅಲ್ಲಿಗೆ ಹೋಗಿ ಬರುತ್ತಿದ್ದೆ. ಆ ವರ್ಷಗಳಲ್ಲಿ ಆದಿತ್ಯವಾರ ಬಂದರೆ ನಾನು ಮುಂಜಾನೆಯೇ ಸ್ನಾನ ಮಾಡಿ ತೊಳೆದ ಅಂಗಿ ಹಾಕಿಕೊಂಡು ಕೂರುತ್ತಿದ್ದೆ.

ಆಮೇಲೆ ಹೇಳಿದ್ದನ್ನೇ ಹೇಳತೊಡಗಿದಳು. ನನ್ನ ಹೆಂಡತಿ ಹೇಗಿದ್ದಾಳೆ ಎಂದು ಕೇಳಿದಳು. ತೀರಿಕೊಂಡಿದ್ದಾಳೆ ಎಂದು ಒಂದೇ ಫೋನಿನಲ್ಲಿ ಮತ್ತೆ ಮತ್ತೆ ಹೇಳಬೇಕಾಯಿತು, ಪ್ರತಿ ಸಲವೂ ಆಕೆ ಹೊಸದಾಗಿ ಮರುಗಿದಳು. ಕೆಲವು ಆದಿತ್ಯವಾರ ಫೋನು ಬರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ಸಲ ಬಂತು. ಆಕೆ ಇಂಗ್ಲಿಷು ಬಿಟ್ಟು ತನ್ನ ಭಾಷೆಯಲ್ಲಿ ಮಾತಾಡಿದಳು, ಸಣ್ಣ ಹುಡುಗಿಯ ದನಿಯಲ್ಲಿ, ಏನನ್ನೋ ಕೇಳುವ ಹಾಗೆ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಹೂಂ ಅಂದೆ, ಮತ್ತೆ ಹೂಂ ಅಂದೆ. ಆಕೆಗೆ ಅಷ್ಟು ಸಾಕಾದ ಹಾಗಿತ್ತು, ಹೇಳುತ್ತಲೇ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಫೋನು ಇಸಿದುಕೊಂಡರು, ಒಬ್ಬ ಗಂಡಸಿನ ದನಿ. ಕ್ಷಮಿಸಿ, ಅಮ್ಮ ನಂಬರು ತಪ್ಪಿ ಒತ್ತಿರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟುಬಿಟ್ಟರು.

ಅದಾದ ಮೇಲೆ ಫೋನು ಬಂದಿಲ್ಲ. ನಾನೂ ಮಾಡಿಲ್ಲ. ಮಾಡಿದರೆ ಯಾರೆಂದು ಹೇಳಿಕೊಳ್ಳಬೇಕು ಎನ್ನುವುದು ನನಗೆ ತೋಚಿಲ್ಲ.