ಅತ್ತೆಯ ಸೊಂಟ, ನನ್ನ ಕಾಲು

ನನ್ನ ಕಾಲಿನ ವಿಚಾರ ಹೇಳಬೇಕೆಂದರೆ ಮೊದಲು ನಮ್ಮತ್ತೆಯ ಸೊಂಟದ ವಿಚಾರ ಹೇಳಬೇಕು. ಈಗಿನ ಹುಡುಗಿಯರಿಗೆ ಇದು ನಗೆಯ ಮಾತು. ನಗಲಿ, ನನಗೇನೂ ಬೇಸರವಿಲ್ಲ. ಆಗ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ನಾವಿದ್ದದ್ದು ಪುಣೆಯ ಶನಿವಾರ ಪೇಟೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ವಾಡೆಯ ಮಾಳಿಗೆಯಲ್ಲಿ. ಧಾರವಾಡದ ಕಡೆಯವರಾದ ನಮ್ಮವರು ಕ್ಯಾಂಪಿನ ಮಿಲಿಟರಿ ಆಫೀಸಿನಲ್ಲಿ ಕಾರಕೂನರು. ಮಾವನವರು ಊರಿನ ಮನೆ ಹೊಲ ನೋಡಿಕೊಂಡು ಅಲ್ಲೇ ಇದ್ದರು. ಮಗನಿಗೆ ಸಂಸಾರ ಹೂಡಿಕೊಡಲು ಬಂದ ಅತ್ತೆ ನಮ್ಮೊಂದಿಗೆ ಉಳಿದುಬಿಟ್ಟಿದ್ದರು. ಮದುವೆಯಾದ ಮೇಲೆ ನನ್ನನ್ನು ಮನೆ ತುಂಬಿಸಿಕೊಂಡದ್ದೂ ಆ ಮಾಳಿಗೆಯ ಹೊಸ್ತಿಲಲ್ಲೇ. ಅಂದು ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಹೊಸ ಸೊಸೆ ಅದನ್ನು ಬಲಗಾಲಿನಿಂದ ಒದ್ದು ಉರುಳಿಸಿ ಒಳಗೆ ಬರಬೇಕು. ನಾನು ಬೆರಳ ತುದಿ ತಾಗಿಸಿದೆ, ಅಷ್ಟೇ. ಸೇರು ಅಲುಗಾಡಿ ಸುಮ್ಮನೆ ನಿಂತಿತು. ಕಡೆಗೆ ಯಾರೋ ಕೈಯಿಂದ ಉರುಳಿಸಿದರು. "ಒಂದು ಸೇರು ಉರುಳಿಸೂ ಕಸುವಿಲ್ಲ ಈ ಹುಡುಗಿಗೆ," ಎಂದು ಅತ್ತೆ ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು. ಕಸುವಿತ್ತು. ಯಾಕೆ ಒದೆಯಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಗಣಪತಿ ಹಬ್ಬ ಮುಗಿಸಿ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುವಾಗ ಅತ್ತೆಯ ಸೊಂಟದಲ್ಲಿ ಏನೋ ಚಳಕ್ ಎಂದಿತು. ಮರುದಿನಕ್ಕೆ ನೋವು ಕುಂಡಿಯಿಂದ ಹಿಂದೊಡೆಗೆ, ಅಲ್ಲಿಂದ ಮೀನಖಂಡಕ್ಕೆ, ಹಿಮ್ಮಡಿಗೆ ಇಳಿಯಿತು. ಬೆಂಕಿ ಸವರಿದ ಹಾಗೆ ಉರಿ, ನಡುವೆ ಜೋಮು. ಆ ಕಾಲದ ಹೆಂಗಸಿನ ಬಾಳೆಲ್ಲ ನೆಲದ ಮೇಲೆಯೇ ಅಲ್ಲವೇ? ಒಲೆ ನೆಲದ ಮೇಲೆ, ಬೀಸುವ ಕಲ್ಲು ನೆಲದ ಮೇಲೆ, ಊಟ ನೆಲದ ಮೇಲೆ. ಕುಕ್ಕರಗಾಲಿನಲ್ಲಿ ಕೂರಲಾಗದವಳು ಅಡಿಗೆ ಮನೆಯಿಂದ ಹೊರಗೆ ಬಿದ್ದಂತೆಯೇ. ಅತ್ತೆ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ, ಮೂಗಿನಿಂದಲೇ ನನ್ನ ಒಗ್ಗರಣೆಯ ಮೇಲೆ ಕಾವಲಿದ್ದರು. "ಸಾಸಿವಿ ಹತ್ತಿತು ನೋಡು," ಅನ್ನುವರು. ನಿಜವಾಗಿಯೂ ಸೀದಿರುತ್ತಿತ್ತು.

ನಮ್ಮವರು ಅವರನ್ನು ಟಾಂಗಾದಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವಯಸ್ಸಾದ ಡಾಕ್ಟರು ಮಲಗಿಸಿ, ಕಾಲನ್ನು ನೆಟ್ಟಗೆ ಮೇಲೆತ್ತಿದರು. ಒಂದು ಗೇಣು ಏರುವುದರೊಳಗೆ ಅತ್ತೆ ಚೀರಿದರು. ತೊಡೆ ಕೊಯ್ದು, ಒಳಗಿನ ದೊಡ್ಡ ನರವನ್ನು ಹಿಡಿದು ಜಗ್ಗಿ ಸಡಿಲ ಮಾಡಿದರೆ ನೋವು ಹೋದೀತು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಅತ್ತೆ ಮಗನನ್ನು ಕೇಳಿದರು:

"ನರಾ ಅಂದ್ರ ಏನು ಲಾಡಿ ಅಂತ ತಿಳದಾರೇನು, ಜಗ್ಗಿ ಬಿಡಲಿಕ್ಕೆ?"

"ಅವ್ವಾ, ಅವರು ಕಲಿತವರು."

"ಕಲಿತಿರಲಿ. ನಾ ಆ ಮೇಜಿನ ಮ್ಯಾಲೆ ಮಲಗಿದ್ರ ಏಳಂಗಿಲ್ಲ. ಇದು ನನಗ ಗೊತ್ತದ."

ತಾಯಿ ಮಗ ಇಬ್ಬರೂ ಹಟದವರು. ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ದೀಪಾವಳಿಯವರೆಗೆ ಅತ್ತೆ ತಮಗೆ ತಿಳಿದ ಔಷಧ ಮಾಡಿಕೊಳ್ಳಲಿ. ಅಷ್ಟರಲ್ಲಿ ಗುಣ ಕಾಣದಿದ್ದರೆ ಸುಮ್ಮನೆ ಆಸ್ಪತ್ರೆಗೆ ನಡೆಯಬೇಕು. ಅಂದಿನಿಂದ ಯಾರಾದರೂ ದೀಪಾವಳಿಯ ಹೆಸರೆತ್ತಿದರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಹಬ್ಬಕ್ಕೆ ಹೆದರಿದ ಹೆಂಗಸನ್ನು ನಾನು ಅದೊಂದೇ ಸಲ ಕಂಡದ್ದು.

ಪಕ್ಕದ ಓಣಿಯ ವೈದ್ಯರು ಬಂದು ನಾಡಿ ಹಿಡಿದರು. ಈ ರೋಗಕ್ಕೆ ಗೃಧ್ರಸಿ ಎಂದು ಹೆಸರು, ರೋಗಿ ಹದ್ದಿನ ಹಾಗೆ ಕುಂಟುತ್ತಾ ನಡೆಯುವುದರಿಂದ ಹಾಗೆನ್ನುತ್ತಾರೆ ಎಂದರು. ಅತ್ತೆಗೆ ಎಲ್ಲಿಲ್ಲದ ಸಿಟ್ಟು. ಅವರು ಹೋದ ಮೇಲೆ, "ಈ ವಯಸ್ಸಿಗೆ ಹದ್ದು ಅನ್ನಿಸ್ಕೊಂಡೆ," ಎಂದರು. ಆದರೂ ಹೇಳಿದ್ದನ್ನೆಲ್ಲ ಮಾಡಿದರು. ಬೆಚ್ಚಗಿನ ಔಡಲೆಣ್ಣೆ ಹಚ್ಚುವುದು, ಲಕ್ಕಿ ಸೊಪ್ಪು ಕುದಿಸಿ ಹಬೆ ಹಿಡಿಯುವುದು, ಮರಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು, ಹಲಗೆಯ ಮೇಲೆ ಮಲಗುವುದು, ಕಹಿ ಕಷಾಯ ಕುಡಿಯುವುದು. ಮಾಡುವವಳು ನಾನು, ಮಾಡಿಸಿಕೊಳ್ಳುವವರು ಅವರು. ನೋವು ಸ್ವಲ್ಪ ತಗ್ಗುವುದು, ಮತ್ತೆ ಏರುವುದು.

ಆಗ ಬಾಯಿ ಹಾಕಿದವರು ಕೆಳಗಿನ ಮನೆಯ ಮರಾಠಿ ಅಜ್ಜಿ. ಅವರ ಪ್ರಕಾರ ಇದಕ್ಕೆ ಪಾಯಾಳೂ ಬೇಕು. ಅಂದರೆ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು. ಅಂಥವರು ಸೊಂಟಕ್ಕೆ ಮೆಲ್ಲಗೆ ಒದ್ದರೆ ಹಿಡಿದ ನರ ಬಿಡುತ್ತದೆ. ಈ ನಂಬಿಕೆ ನಮ್ಮ ಧಾರವಾಡದ ಕಡೆಯೂ ಉಂಟು. ಭೋಸರಿ ಹಳ್ಳಿಯಿಂದ ಬದನೆಕಾಯಿ ಮಾರಲು ಬರುವವನೊಬ್ಬ ಪಾಯಾಳೂ ಇದ್ದಾನೆ, ಕರೆಸಲೇ ಎಂದು ಅಜ್ಜಿ ಕೇಳಿದರು.

"ಪರಗಂಡಸಿನ ಕಾಲು ನನ್ನ ಬೆನ್ನಿಗೇನು?" ಎಂದರು ಅತ್ತೆ. "ಅದಕ್ಕಿಂತ ಡಾಕ್ಟರನ ಚಾಕೂನ ಛಲೋ."

ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ರೊಟ್ಟಿ ಸೀದು ಹೋಯಿತು. ಅಂದು ಸೀದದ್ದು ಮಾತ್ರ ಅತ್ತೆಯ ಮೂಗಿಗೆ ಗೊತ್ತಾಗಲಿಲ್ಲ.

ಯಾಕೆಂದರೆ ಕಾಲು ಮುಂದಾಗಿ ಹುಟ್ಟಿದವಳು ನಾನು. ನನ್ನನ್ನು ಹೆರುವಾಗಲೇ ನಮ್ಮವ್ವ ಸತ್ತಳು. ಸಾಕಿದ ಚಿಕ್ಕಮ್ಮನ ಮನೆಯಲ್ಲಿ ಇದನ್ನು ಯಾರೂ ಮರೆತಿರಲಿಲ್ಲ. ಮದುವೆ ಮುಂಜಿಗಳಲ್ಲಿ, "ನೀ ಹಿಂದ ನಿಲ್ಲು, ನಿನ್ನ ಕಾಲು ಹಿಂದಿರಲಿ," ಅನ್ನುತ್ತಿದ್ದರು. ಕೂತರೆ ಕಾಲನ್ನು ಲಂಗದೊಳಗೆ ಮುಚ್ಚಿಕೊಂಡು ಕೂರುವುದು ನನಗೆ ರೂಢಿಯಾಗಿತ್ತು. ಮದುವೆ ಗೊತ್ತಾದಾಗ ಚಿಕ್ಕಮ್ಮ ಗಂಡಿನವರಿಗೆ, ತಾಯಿ ಜ್ವರದಿಂದ ಹೋದಳು ಎಂದು ಹೇಳಿದರು. ನನಗೆ ಬಾಯಿ ಬಿಡಬೇಡ ಎಂದರು. ಇಂಥ ಕಾಲಿನಿಂದ ಇನ್ನೊಬ್ಬರ ಮನೆಯ ಅಕ್ಕಿ ಒದೆಯಲು ನನಗೆ ಧೈರ್ಯ ಬರಲಿಲ್ಲ. ಸೇರು ಉರುಳದ ಕಥೆ ಇಷ್ಟೇ.

ಹೇಳಬಾರದೆಂದೇ ಇದ್ದೆ. ಆದರೆ ಒಂದು ಮುಂಜಾನೆ ಅತ್ತೆ ಕೆಳಗಿನ ಅಂಗಳಕ್ಕೆ ಹೋಗಲು ಮೆಟ್ಟಿಲ ಮೇಲೆ ಕೂತು, ಮಗುವಿನ ಹಾಗೆ ಜಾರುತ್ತಾ ಇಳಿಯುವುದನ್ನು ಕಂಡೆ. ನೋವಿಗೆ ಸೆರಗನ್ನು ಬಾಯಲ್ಲಿ ಕಚ್ಚಿದ್ದರು. ನನ್ನನ್ನು ಕಂಡು ನಾಚಿಕೆಯಿಂದ ಮುಖ ಆಚೆ ಮಾಡಿದರು. ಅವರನ್ನು ತಿರುಗಿ ಮೇಲೆ ತಂದು ಮಲಗಿಸಿ, ಅಲ್ಲೇ ನೆಲ ನೋಡುತ್ತಾ ಹೇಳಿದೆ.

"ಅತ್ಯಾ, ನಾ ಹುಟ್ಟುವಾಗ ಕಾಲು ಮುಂದ ಬಂದಿದ್ದುವಂತ್ರಿ."

"ಯಾರ ಕಾಲು?"

"ನನ್ನ ಕಾಲರಿ."

ಅವರು ಮೊಣಕೈಯೂರಿ ತಲೆ ಎತ್ತಿದರು. "ಮತ್ತ ನಿಮ್ಮವ್ವ? ಜ್ವರಾ ಬಂದು ಹೋದ್ರು ಅಂದಿದ್ರಲ್ಲ?"

"ಜ್ವರಾ ಅಲ್ಲರಿ. ನಾ ಹುಟ್ಟಿದ್ದಕ್ಕ."

ಅವರು ಗೋಡೆಯ ಕಡೆ ತಿರುಗಿದರು. ಅಂದು ಇಡೀ ದಿನ ನನ್ನೊಡನೆ ಮಾತಿಲ್ಲ. ಊಟ ಬಡಿಸಿದರೆ ಉಂಡರು, ಎಣ್ಣೆ ಹಚ್ಚಿದರೆ ಹಚ್ಚಿಸಿಕೊಂಡರು. ನನ್ನನ್ನು ಊರಿಗೆ ಅಟ್ಟುತ್ತಾರೆ ಎಂದೇ ನಾನು ತಿಳಿದೆ. ಮನಸ್ಸಿನಲ್ಲೇ ಟ್ರಂಕು ಕಟ್ಟಿಯೂ ಆಗಿತ್ತು.

ಮರುದಿನ ನಮ್ಮವರು ಆಫೀಸಿಗೆ ಹೋದ ಮೇಲೆ ಅತ್ತೆ ಬಾಗಿಲಿಗೆ ಅಗಳಿ ಹಾಕಿಸಿದರು. ಹಲಗೆಯ ಮೇಲೆ ಬೋರಲು ಮಲಗಿ, "ಬಾ, ಕಾಲಿಡು," ಎಂದರು.

"ನಿಮ್ಮ ಮ್ಯಾಲೆ ಹೆಂಗರಿ ಅತ್ಯಾ? ಪಾಪ ಬರತದ."

"ನೋವು ನನ್ನದು, ಪಾಪಾ ನಿನಗ. ಹಂಚಿಕೊಂಡ್ವಿ ಅಂತ ತಿಳಕೋ. ಇಡು."

ಸುಡುವ ಹೆಂಚು ಮುಟ್ಟುವ ಹಾಗೆ ಹೆಬ್ಬೆರಳು ತಾಗಿಸಿ ತೆಗೆದೆ.

"ಇರಿವಿ ಹರದಂಗಾತು. ಒದಿಯೂದಂದ್ರ ಇದೇನು?"

ಕಣ್ಣು ಮುಚ್ಚಿ ಪಾದವಿಟ್ಟು ಒತ್ತಿದೆ. ಆಮೇಲೆ ಅವರ ಕಾಲಿಗೆ ಬಿದ್ದು ನಮಸ್ಕಾರ ಮಾಡಿದೆ. ಅವರು ಗೋಡೆ ಹಿಡಿದು ಮೆಲ್ಲಗೆ ಎದ್ದು ಒಂದು ಹೆಜ್ಜೆ ಇಟ್ಟರು. ನೋವು ಇದ್ದಲ್ಲೇ ಇತ್ತು. ಏನೂ ಆಗಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಕೆಟ್ಟದ್ದಕ್ಕೆ ಮಾತ್ರ ಮುಂದೆ ಬಂದು, ಒಳ್ಳೆಯದಕ್ಕೆ ಬಾರದ ಈ ಕಾಲನ್ನು ಏನು ಮಾಡಬೇಕು ಎನ್ನಿಸಿತು.

"ಅಳಬ್ಯಾಡ," ಎಂದರು ಅತ್ತೆ, ಮತ್ತೆ ಮಲಗುತ್ತಾ. "ನಿನ್ನ ಕಾಲಿನಾಗ ಮಹಿಮಾ ಇಲ್ಲ, ಖರೆ. ಆದ್ರ ಭಾರ ಅದ. ನೀ ಒತ್ತಿದಾಗ ಅಷ್ಟು ಹೊತ್ತು ಉರಿ ನಿಂತಿತ್ತು. ಇನ್ನೊಮ್ಮೆ ಒತ್ತು, ಅಲ್ಲೇ, ಸ್ವಲ್ಪ ಕೆಳಗ."

ಹೀಗೆ ಶುರುವಾಯಿತು. ದಿನಾಲು ಎಣ್ಣೆ, ಹಬೆ, ಮರಳಿನ ಶಾಖ. ಅದರ ಮೇಲೆ ನನ್ನ ಕಾಲು. ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಮೈಭಾರವನ್ನು ಹಗ್ಗಕ್ಕೆ ಕೊಟ್ಟು, ಹಿಮ್ಮಡಿಯಿಂದ ಅವರ ಕುಂಡಿ ತೊಡೆಗಳನ್ನು ಹದವಾಗಿ ತುಳಿಯುತ್ತಿದ್ದೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಅವರು ಕೆಳಗಿನಿಂದ ಹುಕುಂ ಕೊಡುವರು. ಮುಗಿದ ಮೇಲೆ ನಾನು ನಮಸ್ಕಾರ ಮಾಡುವೆ. "ಒದ್ದು ನಮಸ್ಕಾರ ಮಾಡೂದು. ಇದೊಂದು ಹೊಸಾ ವ್ರತ ಹಿಡದೀ ನೀ," ಎಂದು ನಗುವರು.

ಒಬ್ಬರ ಬೆನ್ನ ಮೇಲೆ ನಿಂತರೆ ಮುಖ ಕಾಣಿಸುವುದಿಲ್ಲ. ಅದಕ್ಕೇ ಇರಬೇಕು, ಇಬ್ಬರಿಗೂ ಮಾತು ಸಲೀಸಾಯಿತು. ಒಂದು ದಿನ ಅವರು ಹಲಗೆಗೆ ಕೆನ್ನೆಯಿಟ್ಟುಕೊಂಡೇ ಹೇಳಿದರು:

"ನನ್ನ ಮೊದಲನೇ ಕೂಸು ತಲಿ ಮುಂದಾಗೇ ಬಂತು. ಎಲ್ಲಾ ಬರೋಬರಿ ಇತ್ತು ಅಂದ್ಲು ಸೂಲಗಿತ್ತಿ. ಉಳೀಲಿಲ್ಲ. ತಲೀನ ಬೈಯಲಿಕ್ಕೆ ಬರತದೇನು?"

ನನ್ನ ಹಿಮ್ಮಡಿ ಇದ್ದಲ್ಲೇ ತಡೆಯಿತು.

"ನಿಂತ್ಯಾಕ? ಒತ್ತು," ಎಂದರು.

ದಸರೆಯ ಹೊತ್ತಿಗೆ ಅವರು ಮೆಟ್ಟಿಲನ್ನು ನಿಂತು ಇಳಿಯತೊಡಗಿದ್ದರು. ಗುಣವಾಯಿತೆಂಬ ಜಂಬದಲ್ಲಿ ಹಿತ್ತಾಳೆಯ ಹಂಡೆ ಎತ್ತಲು ಹೋಗಿ ಮತ್ತೆ ಹಾಸಿಗೆ ಹಿಡಿದರು. ನಾನು ಅತ್ತೆಯೆಂದು ನೋಡದೆ ಚೆನ್ನಾಗಿ ಬೈದೆ. ನಮ್ಮವರು ದೀಪಾವಳಿಯ ಗಡುವು ನೆನಪಿಸಿದರು. ಅತ್ತೆ ನನ್ನ ಕಡೆ ನೋಡಿ, "ಮರಳು ಹುರಿ," ಎಂದರು. ಮತ್ತೆ ಮೊದಲಿನಿಂದ ಹಿಡಿದೆವು.

ಇನ್ನೇನು ದೀಪಾವಳಿ ಎನ್ನುವಾಗ ಟಾಂಗಾ ಬಂದೇ ಬಂತು. ನಾನೂ ಜೊತೆಗೆ ಹೋದೆ. ಅತ್ತೆ ನನ್ನ ಕೈಯನ್ನು ಆಸ್ಪತ್ರೆಯವರೆಗೂ ಬಿಡಲಿಲ್ಲ. ಡಾಕ್ಟರು ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದರು. ಗೇಣು ಏರಿತು, ಮೊಳ ಏರಿತು. ಅತ್ತೆ ಚೀರಲಿಲ್ಲ. ಇನ್ನೂ ಮೇಲೆತ್ತಿದಾಗ ತುಟಿ ಕಚ್ಚಿದರು, ಅಷ್ಟೇ. ಡಾಕ್ಟರು ಕಾಲನ್ನು ಇಳಿಸಿ, ಕೊಯ್ಯುವ ಅಗತ್ಯ ಕಾಣುವುದಿಲ್ಲ, ಏನು ಮಾಡಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮವರು ಎಣ್ಣೆ, ಕಷಾಯ ಎಂದೇನೋ ತೊದಲಿದರು. ಅತ್ತೆ ನಡುವೆ ಬಾಯಿ ಹಾಕಿ, "ಸೂನ ರೋಜ ಲಾಥ ಮಾರತೇ," ಎಂದರು. ಸೊಸೆ ದಿನಾ ಒದೆಯುತ್ತಾಳೆ ಎಂದು. ಡಾಕ್ಟರು ನನ್ನನ್ನು ನೋಡಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಮೇಲೆ ಅವರು ನಕ್ಕು, ಹಾಗಾದರೆ ಒದೆಸಿಕೊಳ್ಳುತ್ತಾ ಇರಿ ಎಂದು ಕಳಿಸಿದರು.

ಎಣ್ಣೆಯಿಂದಲೋ, ಮರಳಿನಿಂದಲೋ, ಹಲಗೆಯಿಂದಲೋ, ನರ ತಾನಾಗಿಯೇ ಮುನಿಸು ಬಿಟ್ಟಿತೋ ನನಗೆ ಗೊತ್ತಿಲ್ಲ. ಮಹಿಮೆಯ ಮಾತನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಪಾಡ್ಯದ ದಿನ ನಲ್ಲಿಯ ನೀರು ತುಂಬಿಕೊಂಡು ಮೇಲೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಕೊಡಾ ಅಲ್ಲೇ ಇಳಸು. ಒಳಗ ಬರಬ್ಯಾಡ."

ಹೊಸ್ತಿಲ ಮೇಲೆ ಸೇರು ಇತ್ತು. ತುಂಬಾ ಅಕ್ಕಿ.

"ಆವತ್ತು ನೀ ಒದೀಲಿಲ್ಲ. ಮುಟ್ಟಿ ಬಿಟ್ಟಿ. ನನಗ ಕಾರಣ ಗೊತ್ತಿರಲಿಲ್ಲ," ಎಂದರು. "ಈಗ ಒದಿ. ನನಗ ಒದ್ದಂಗ ಒದಿ."

ಒಳಗಿನಿಂದ ನಮ್ಮವರು, "ಇದೇನವ್ವಾ?" ಎಂದರು. "ನೀ ಸುಮ್ಮನಿರು," ಎಂದರು ಅತ್ತೆ.

ಸೀರೆಯ ನಿರಿಗೆ ಎತ್ತಿ ಹಿಡಿದು, ಬಲಗಾಲನ್ನು ಹೊರಗೆ ತೆಗೆದು ಒದ್ದೆ. ಸೇರು ಹಾರಿ ಠಣ್ಣೆಂದು ಉರುಳಿತು. ಅಕ್ಕಿ ಪಡಸಾಲೆಯೆಲ್ಲ ಹರಡಿ ಅಡಿಗೆ ಮನೆಯೊಳಗೆ ಹೋಯಿತು. ನಾನು ಒಳಗೆ ಬಂದು ಬಳಿಯಲು ಬಗ್ಗಿದೆ.

"ನೀ ನಿಲ್ಲು," ಎಂದರು ಅತ್ತೆ.

ಗೋಡೆಗೆ ಒಂದು ಕೈಯಿಟ್ಟು, ಮೆಲ್ಲಗೆ ಮೊಣಕಾಲು ಮಡಚಿ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಗಣಪತಿ ಹಬ್ಬದ ಮೇಲೆ ಅವರು ಅಲ್ಲಿ ಕೂತದ್ದು ಅದೇ ಮೊದಲು. ಅಕ್ಕಿಯನ್ನು ಸೆರಗಿಗೆ ಬಳಿದುಕೊಳ್ಳುತ್ತಾ, "ಎಷ್ಟು ಜೋರ ಒದ್ದೀಯವಾ, ಒಲಿ ಒಳಗೂ ಹೋಗ್ಯಾವ," ಎಂದು ಗೊಣಗಿದರು. ನಾನು ನಿಂತಲ್ಲೇ ಅಳುತ್ತಿದ್ದೆ. ನನ್ನ ಕಾಲು ಸೀರೆಯ ಹೊರಗೇ ಇತ್ತು, ಮುಚ್ಚಿಕೊಳ್ಳಲಿಲ್ಲ. ಅಂದು ಅದೇ ಅಕ್ಕಿಯ ಅನ್ನವನ್ನು ಅತ್ತೆಯೇ ಕೂತು ಮಾಡಿದರು.